ಸಿಕ್ಸ್ ಆಫ್ ಕ್ರೋಸ್: ಮೊದಲ ಭಾಗ ಮುಗಿಯಿತು, ಏನೂ ತಲೆಗೆ ಹತ್ತುತ್ತಿಲ್ಲ

ಅರೆಓದು:
ಎಲ್ಲಿ ನೋಡಿದರೂ ಲೀ ಬಾರ್ಡುಗೋ ಬರೆದ ಈ ಫ್ಯಾಂಟಸಿ ಪುಸ್ತಕದ್ದೇ ಜಪ. ಆದರೆ ಮೊದಲ ಅಧ್ಯಾಯದ ಯೋಸ್ಟ್ ಆಮೇಲೆ ಪತ್ತೆಯೇ ಇಲ್ಲ. ಗ್ರೀಶಾ, ಡ್ರಸ್ಕೆಲ್, ಕೆರ್ಚ್, ಫ್ಯೆರ್ಡಾ ಅಂತ ಹೆಸರುಗಳ ಸುರಿಮಳೆ, ವಿವರಣೆ ಮಾತ್ರ ಇಲ್ಲ. ಶ್ಯಾಡೋ ಅಂಡ್ ಬೋನ್‌ನ ಮೂರೂ ಪುಸ್ತಕ ಮೊದಲು ಓದಲೇಬೇಕಾ? ನೆಟ್‌ಫ್ಲಿಕ್ಸ್ ಸೀರೀಸ್ ನೋಡಿದರೆ ಸಾಲದಾ? ಎಲ್ಲಿವರೆಗೆ ತಾಳ್ಮೆ ಇಟ್ಟುಕೊಳ್ಳಬೇಕು?

ಬೀಗಮುದ್ರೆ:
ಓದಲೇಬೇಕು ಅಂತೇನಿಲ್ಲ. ಆ ಮೂರು (2012ರಿಂದ 2014) ರಾವ್ಕಾ ಅನ್ನುವ ದೇಶದ ಕಥೆ, ನಾಯಕಿ ಅಲೀನಾ ತಾನೇ ಹೇಳಿಕೊಂಡು ಹೋಗುವುದು. ಇದು 2015ರದ್ದು, ಊರು ಬೇರೆ, ಜನ ಬೇರೆ. ಆದರೆ ರಾವ್ಕಾದ ಅಂತರ್ಯುದ್ಧ ಹೇಗೆ ಮುಗಿಯಿತು ಅನ್ನುವುದು ಇಲ್ಲಿ ಮಾತಿನ ನಡುವೆ ಬಂದುಬಿಡುತ್ತೆ. ಮುಂದೆ ಅವನ್ನೂ ಓದುವ ಆಸೆ ಇದ್ದರೆ ಮೊದಲೇ ಮುಗಿಸಿ, ಇಲ್ಲವಾದರೆ ನೇರ ಇದನ್ನೇ ಮುಂದುವರಿಸಿ.

ಯೋಸ್ಟ್‌ನನ್ನು ಮರೆತರೂ ನಷ್ಟವಿಲ್ಲ, ಅವನು ಕಣ್ಣಾರೆ ಕಂಡದ್ದನ್ನು ಮರೆಯಬೇಡಿ. ಗಾಯ ವಾಸಿ ಮಾಡುವುದಷ್ಟೇ ಗೊತ್ತಿರಬೇಕಾದ ಹೀಲರ್ ಒಬ್ಬಳು ಯೂರ್ಡಾ ಪಾರೆಮ್ ಅನ್ನುವ ಮಾದಕ ಮದ್ದು ಒಳಗೆ ಹೋದ ಕೂಡಲೇ ಎದುರಿಗಿದ್ದವರ ಮನಸ್ಸನ್ನೇ ಹಿಡಿದುಬಿಡುತ್ತಾಳೆ. ಕಳ್ಳರ ತಂಡದ ನಾಯಕ ಕಾಜ್‌ಗೆ 3 ಕೋಟಿ ಕ್ರೂಗ (ಅಲ್ಲಿನ ಹಣ) ಕೊಡುತ್ತೇವೆ ಅಂತ ಯಾಕೆ ಮುಂದೆ ಬರುತ್ತಾರೆ ಅನ್ನುವುದಕ್ಕೆ ಉತ್ತರ ಅದೊಂದೇ. ಆ ಅಧ್ಯಾಯ ಒಂದನ್ನು ಮತ್ತೆ ಓದಿ, ಪುಸ್ತಕವನ್ನು ಮೊದಲಿಂದ ಶುರುಮಾಡಬೇಡಿ.

ಹೆಸರುಗಳ ವಿಷಯಕ್ಕೆ ಸದ್ಯಕ್ಕೆ ಇಷ್ಟು ಸಾಕು: ಕೆರ್ಚ್ ವ್ಯಾಪಾರಿಗಳ ದೇಶ, ಕೆಟ್ಟರ್‌ಡ್ಯಾಮ್ ಅದರ ರಾಜಧಾನಿ. ಫ್ಯೆರ್ಡಾ ಉತ್ತರದ ಹಿಮದ ನಾಡು, ಅಲ್ಲಿ ಗ್ರೀಶಾಗಳನ್ನು, ಅಂದರೆ ಹುಟ್ಟಿನಿಂದಲೇ ವಿಶೇಷ ಶಕ್ತಿ ಇರುವವರನ್ನು, ಬೇಟೆಯಾಡುವವರೇ ಡ್ರಸ್ಕೆಲ್. ಗ್ರೀಶಾಗಳಲ್ಲಿ ಮೂರು ಪಂಗಡ: ದೇಹದ ಮೇಲೆ ಹಿಡಿತ ಇರುವವರು, ಗಾಳಿ ಬೆಂಕಿ ನೀರಿನವರು, ಲೋಹ ರಸಾಯನದವರು. ತಂಡದ ನೀನಾ ಮೊದಲನೆಯ ಪಂಗಡ, ಹಾರ್ಟ್‌ರೆಂಡರ್, ಅಂದರೆ ಎದುರಾಳಿಯ ಹೃದಯವನ್ನೇ ನಿಲ್ಲಿಸಬಲ್ಲವಳು. ಮತಿಯಾಸ್ ಡ್ರಸ್ಕೆಲ್. ಅವರಿಬ್ಬರ ಜಗಳದ ಬೇರು ಇಲ್ಲೇ ಇದೆ.

ಹಿಂಪುಟ:
ಅನುಮಾನ ಬಂದಾಗ ಫ್ಯಾನ್ ವಿಕಿ ತೆರೆಯಬೇಡಿ, ದಯವಿಟ್ಟು. ಪಾತ್ರದ ಪುಟದಲ್ಲಿ ಮೊದಲ ಪ್ಯಾರಾದಲ್ಲೇ ಯಾರು ಸಾಯುತ್ತಾರೆ ಅಂತ ಬರೆದಿರುತ್ತೆ.

ಅದರ ಬದಲು ಪುಸ್ತಕದಲ್ಲೇ ಇರುವ ಐಸ್ ಕೋರ್ಟ್ (ತಂಡ ನುಗ್ಗಬೇಕಾದ ಫ್ಯೆರ್ಡಾದ ಕೋಟೆ) ನಕ್ಷೆಗೆ ಒಂದು ಚೀಟಿ ಇಟ್ಟುಕೊಳ್ಳಿ. ಹೊರಸುತ್ತಿನಲ್ಲಿ ಸೆರೆಮನೆ, ಡ್ರಸ್ಕೆಲ್ ನೆಲೆ, ರಾಯಭಾರಿಗಳ ವಿಭಾಗ. ಹಿಮದ ಕಂದಕ ದಾಟಿದರೆ ನಡುವೆ ವೈಟ್ ಐಲ್ಯಾಂಡ್. ಒಳಗೆ ಹೋದಮೇಲೆ ತಂಡ ಚದುರುತ್ತೆ. ಅಲ್ಲಿಂದ ಅಧ್ಯಾಯದ ತಲೆಯಲ್ಲಿ ಪಾತ್ರದ ಹೆಸರಿನ ಜೊತೆ ಎಷ್ಟು ಗಂಟೆ ಬಾರಿಸಿತು ಅನ್ನುವ ಲೆಕ್ಕವೂ ಇರುತ್ತೆ. ಹೆಚ್ಚಿನವರು ಅದನ್ನು ಹಾರಿಸಿ ಓದಿ, ಆಮೇಲೆ "ಜೆಸ್ಪರ್ ಅಲ್ಲಿಗೆ ಯಾವಾಗ ಹೋದ?" ಅಂತ ಕೇಳುತ್ತಾರೆ. ಆಡಿಯೋಬುಕ್‌ನಲ್ಲಿ ಬೇರೆಬೇರೆ ದನಿಗಳಿರುವುದರಿಂದ ಯಾರ ಅಧ್ಯಾಯ ಅನ್ನುವುದು ತಕ್ಷಣ ಗೊತ್ತಾಗುತ್ತೆ, ಆದರೆ ನಕ್ಷೆ ಕಣ್ಣಮುಂದೆ ಇರುವುದಿಲ್ಲ.

ಸೀರೀಸ್ ಇದಕ್ಕೆ ಬದಲಿ ಅಲ್ಲ. 2021ರ ಮೊದಲ ಸೀಸನ್‌ನಲ್ಲಿ ಕಾಜ್ ತಂಡ ಮಾಡುವ ಕೆಲಸ ಪುಸ್ತಕದಲ್ಲೇ ಇಲ್ಲ, ತೆರೆಗಾಗಿ ಹೊಸೆದದ್ದು. ಐಸ್ ಕೋರ್ಟ್ ಕಳ್ಳತನ ತೆರೆಗೆ ಬರುವ ಮೊದಲೇ ಎರಡು ಸೀಸನ್‌ಗೆ ಸೀರೀಸ್ ನಿಂತುಹೋಯಿತು. ಎರಡನೆಯದರಲ್ಲಿ ಮಾತ್ರ ಈ ಪುಸ್ತಕದ ಮುಂದಿನ ಭಾಗ ಕ್ರೂಕೆಡ್ ಕಿಂಗ್‌ಡಮ್‌ನ ಎಳೆಗಳಿವೆ, ಅದನ್ನು ಈಗ ನೋಡಬೇಡಿ.

ಒಣಮಾತು:
ಎರಡನೇ ಭಾಗದ ಕೊನೆಯ ಬಂದರಿನ ಕಾದಾಟದವರೆಗೆ ಓದಿ. ಅಲ್ಲಿಗೂ ಈ ಆರು ಜನರಲ್ಲಿ ಒಬ್ಬರೂ ಬೇಕು ಅನ್ನಿಸದಿದ್ದರೆ ಮುಚ್ಚಿಡಿ, ಮುಂದಿರುವುದೂ ಇವರೇ.

ಹೊಗಳುವವರು ಹೇಳದ ಎರಡು ಮಾತು. ಹದಿಹರೆಯದವರು ಅಂತ ಹೇಳಿದರೂ ಇವರ ನಡೆನುಡಿ ಮೂವತ್ತು ದಾಟಿದವರದ್ದು. ಓದುವಾಗ ವಯಸ್ಸನ್ನು ಪಕ್ಕಕ್ಕಿಟ್ಟರೆ ವಾಸಿ. ಇನ್ನೊಂದು, ಕಾಜ್‌ನ ಅಧ್ಯಾಯಗಳಲ್ಲಿ ಅವನ ತಲೆಯೊಳಗೇ ಇರುತ್ತೇವೆ, ಆದರೂ ಅವನ ಯೋಜನೆ ನಮಗೆ ಗೊತ್ತಾಗುವುದಿಲ್ಲ. ತಿರುವು ಬಂದಾಗ ಮಜಾ ಇರುತ್ತೆ, ನಿಜ. ಆದರೆ ಅದು ಮರೆಮಾಚಿ ಗಳಿಸಿದ ಮಜಾ, ನನ್ನ ಲೆಕ್ಕದಲ್ಲಿ ಸ್ವಲ್ಪ ಮೋಸವೇ.

ಅರೆಓದು:
ಸರಿ, ಬಂದರಿನವರೆಗೆ ಹೋಗ್ತೀನಿ. ಕಥೆ ಇದರಲ್ಲೇ ಮುಗಿಯುತ್ತಾ?

ಬೀಗಮುದ್ರೆ:
ಇಲ್ಲ. ಕೊನೆಯ ಪುಟದಲ್ಲಿ ಕತ್ತು ಹಿಡಿದು ನಿಲ್ಲಿಸುತ್ತೆ. ಕ್ರೂಕೆಡ್ ಕಿಂಗ್‌ಡಮ್ (2016) ಕೈಯಲ್ಲಿದ್ದರೆ ಮಾತ್ರ ಕೊನೆಯ ಭಾಗ ಶುರುಮಾಡಿ. ಇದೇ ಲೋಕದ ಇನ್ನೊಂದು ಪುಸ್ತಕ ಕಿಂಗ್ ಆಫ್ ಸ್ಕಾರ್ಸ್ ಅದಾದ ಮೇಲೆ. ನೀನಾ ಅಲ್ಲಿ ಬರುತ್ತಾಳೆ, ಮೊದಲು ತೆರೆದರೆ ಕ್ರೂಕೆಡ್ ಕಿಂಗ್‌ಡಮ್‌ನ ದೊಡ್ಡ ಏಟು ಪುಕ್ಕಟೆ ಬಯಲು.