ಮಳೆಗಾಲದಲ್ಲಿ ಹೊಸ ಎನ್‌ಸಿಸಿ ಕೆಡೆಟ್‌ಗಳನ್ನು ಯೂನಿಫಾರ್ಮ್ ಇನ್‌ಸ್ಪೆಕ್ಷನ್ನಿಗೆ ತಯಾರು ಮಾಡೋದು ಹೇಗೆ?

ತುಂಗೆಯ ದಡ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ಕಾಲೇಜು, ಆರ್ಮಿ ವಿಂಗ್. ಈ ವರ್ಷ ಅಂಡರ್ ಆಫೀಸರ್ (ಕೆಡೆಟ್‌ಗಳನ್ನು ಮುನ್ನಡೆಸುವ ಹಿರಿಯ ಕೆಡೆಟ್) ಜವಾಬ್ದಾರಿ ನನ್ನದು. ಫಸ್ಟ್ ಇಯರ್‌ನವರು 28 ಜನ, ಅದರಲ್ಲಿ ಹುಡುಗಿಯರು 11. ಆಗಸ್ಟ್ 15ರ ಪರೇಡಿಗೆ ಮೊದಲು ಬೆಟಾಲಿಯನ್‌ನಿಂದ ಬಂದು ಟರ್ನ್‌ಔಟ್, ಅಂದರೆ ಯೂನಿಫಾರ್ಮಿನ ಅಚ್ಚುಕಟ್ಟು ನೋಡ್ತಾರೆ. ಇನ್ನು 9 ದಿನ ಇದೆ.

ಮಳೆ ಬಿಡ್ತಾ ಇಲ್ಲ. ತೊಳೆದ ಖಾಕಿ ಮೂರು ದಿನವಾದರೂ ಒಣಗೋದಿಲ್ಲ, ಒಂಥರಾ ಮುಗ್ಗು ವಾಸನೆ. ಬೂಟಿನ ಮೇಲೆ ಬೂಸ್ಟು. ಬೆಲ್ಟಿನ ಹಿತ್ತಾಳೆ ಉಜ್ಜಿದ ಮರುದಿನವೇ ಕಪ್ಪು. ಬ್ಯಾರೆ (ಯೂನಿಫಾರ್ಮಿನ ದುಂಡು ಟೋಪಿ) ತಲೆ ಮೇಲೆ ದೋಸೆ ಇಟ್ಟ ಹಾಗೆ ಕೂರುತ್ತೆ. ಯಾವುದನ್ನು ಯಾವಾಗ ಮಾಡಿಸಬೇಕು? 28 ಜನರನ್ನೂ ನಾನೊಬ್ಬಳೇ ನೋಡೋದು ಹೇಗೆ?

ಹಳೇ ಉಸ್ತಾದ್

ನೋಡಮ್ಮ, ಮೊದಲು ಕೊನೆಯ ಪ್ರಶ್ನೆಗೆ ಬರ್ತೀನಿ. 28 ಜನರನ್ನು ನೀನೊಬ್ಬಳೇ ನೋಡಬೇಡ. 7 ಜನರ ನಾಲ್ಕು ಸೆಕ್ಷನ್ ಮಾಡು, ಒಂದೊಂದಕ್ಕೂ ಸೆಕೆಂಡ್ ಇಯರ್‌ನ ಒಬ್ಬ ಕಾರ್ಪೋರಲ್. ಸೆಕ್ಷನ್ ಒಳಗೆ ಜೋಡಿ ಮಾಡು. ಏಳನೆಯವರಿಗೆ ಕಾರ್ಪೋರಲ್ಲೇ ಜೋಡಿ. ಬ್ಯಾರೆ ಕೂತ ರೀತಿ, ಬೆಲ್ಟಿನ ಹಿಂಭಾಗ, ಕಾಲರ್ ಅಡಿ, ಇವ್ಯಾವುದೂ ತನಗೆ ತಾನೇ ಕಾಣೋದಿಲ್ಲ. ಅದಕ್ಕೇ ಜೋಡಿ ಬೇಕು. ನೀನು ನೇರವಾಗಿ ತಿದ್ದಬೇಕಾದ್ದು ಆ ನಾಲ್ವರನ್ನು ಮಾತ್ರ.

ಬಾಯಲ್ಲಿ ಹೇಳಿದ್ದು ಹೊಸಬರಿಗೆ ಹತ್ತೋದಿಲ್ಲ. ಒಬ್ಬ ಕೆಡೆಟ್‌ನ್ನು ತಲೆಯಿಂದ ಕಾಲಿನವರೆಗೆ ಪೂರ್ತಿ ಸರಿಮಾಡಿ ಎದುರಿಗೆ ನಿಲ್ಲಿಸು, ಎಲ್ಲರೂ ಸುತ್ತ ಬಂದು ನೋಡಲಿ. ಹಿಂದಿನಿಂದಲೂ ನೋಡಲಿ. ಖುಲಿ ಲೈನ್ ಚಲ್ (ಸಾಲುಗಳ ನಡುವೆ ಜಾಗ ಬಿಡಿಸುವ ಆದೇಶ) ಆದಮೇಲೆ ಅಧಿಕಾರಿ ಸಾಲಿನ ಎದುರು ಮಾತ್ರ ನಡೆದು ಹೋಗೋದಿಲ್ಲ, ಬೆನ್ನಿನ ಕಡೆಯೂ ಬರ್ತಾರೆ. ಹೊಸಬರು ಸಿಕ್ಕಿಬೀಳೋದು ಅಲ್ಲೇ: ಎದುರಿನ ಬಕಲ್ ಫಳಫಳ, ಬೆನ್ನ ಹಿಂದಿನ ಹಿತ್ತಾಳೆ ಕೊಂಡಿ ಹಸಿರು.

ಈಗ ಬೂಟು. ಬೂಸ್ಟಿನ ಮೇಲೆ ಪಾಲಿಶ್ ಹಚ್ಚಿದರೆ ಬೂಸ್ಟು ಮೇಣದಡಿ ಉಳಿಯುತ್ತೆ, ನಾಲ್ಕು ದಿನಕ್ಕೆ ಬೆಳ್ಳಗೆ ಮೇಲೆ ಬರುತ್ತೆ. ಮೊದಲು ಒಣ ಬ್ರಷ್‌ನಲ್ಲಿ ಹೊರಗಡೆ ಜಾಡಿಸಿ. ಆಮೇಲೆ ವಿನೆಗರ್ ಒಂದು ಪಾಲು, ನೀರು ಒಂದು ಪಾಲು ಬೆರೆಸಿ ಬಟ್ಟೆ ಅದ್ದಿ ಹಿಂಡಿ ಒರೆಸಿ. ಲೇಸ್ ಬಿಚ್ಚಿ ನಾಲಿಗೆಯ ಒಳಮಗ್ಗುಲು, ಹೊಲಿಗೆಯ ಸಂದು ಎಲ್ಲ ಕಡೆಯೂ. ಒಳಗೆ ದಿನಪತ್ರಿಕೆ ಉಂಡೆ ತುರುಕಿ ಫ್ಯಾನ್ ಕೆಳಗೆ ಇಡಿ, ಆರಾರು ಗಂಟೆಗೊಮ್ಮೆ ಪೇಪರ್ ಬದಲಾಯಿಸಿ. ಒಂದು ಪೂರ್ತಿ ದಿನ ಬೇಕು. ಬಚ್ಚಲ ಒಲೆ ಬಾಯಿಗೆ ಇಟ್ಟು ಒಣಗಿಸಿದರೆ ತೊಗಲು ಸೆಟೆದು ಬೆರಳು ಮಡಚುವ ಜಾಗದಲ್ಲಿ ಸೀಳುತ್ತೆ, ಅಂಟಿಸಿದ ಅಟ್ಟೆ ಬಾಯಿ ಬಿಡುತ್ತೆ.

ಪಾಲಿಶ್ ಡಬ್ಬಿಯದ್ದೇ ಆಗಬೇಕು. ಸ್ಪಂಜು ಇರೋ ಬಾಟಲಿ ಪಾಲಿಶ್ ಮಳೆಗೆ ಬಿಟ್ಟುಕೊಂಡು ಪ್ಯಾಂಟಿನ ಅಂಚಿಗೆ ಕಪ್ಪು ಹತ್ತಿಸುತ್ತೆ. ಮೊದಲು ಬ್ರಷ್‌ನಲ್ಲಿ ಇಡೀ ಬೂಟಿಗೆ ಎರಡು ಕೋಟ್, ಒಂದೊಂದಕ್ಕೂ 15 ನಿಮಿಷ ಬಿಟ್ಟು ಉಜ್ಜಿ. ಆಮೇಲೆ ಮೂತಿಗೆ ಮತ್ತು ಹಿಮ್ಮಡಿಗೆ ಮಾತ್ರ ನೀರಿನ ಪಾಲಿಶ್. ಹಳೇ ಬನಿಯನ್ ತುಂಡನ್ನು ಎರಡು ಬೆರಳಿಗೆ ಬಿಗಿಯಾಗಿ ಸುತ್ತಿ, ಡಬ್ಬಿ ಮುಚ್ಚಳದಲ್ಲಿ ಚೂರು ನೀರು ಇಟ್ಟುಕೊಳ್ಳಿ. ಬಟ್ಟೆ ಒದ್ದೆ ಇರಬೇಕು, ತೊಟ್ಟಿಕ್ಕಬಾರದು. ತುದಿಗೆ ಪಾಲಿಶ್ ಸೋಕಿಸಿ ಒಂದು ರೂಪಾಯಿ ನಾಣ್ಯದಷ್ಟು ಸುತ್ತಿನಲ್ಲಿ ಹಗುರಾಗಿ ತಿರುಗಿಸಿ. ಮೊದಲು ಮಂಜು ಕವಿದಂತೆ ಕಾಣುತ್ತೆ. ಮಂಜು ಹೋಗೋವರೆಗೆ ತಿರುಗಿಸಿ, ಒಂದು ಹನಿ ನೀರು, ಮತ್ತೆ ತೆಳುವಾಗಿ ಪಾಲಿಶ್. ಹೀಗೆ 8-10 ಪದರ. ಅವಸರಕ್ಕೆ ದಪ್ಪ ಮೆತ್ತಿದರೆ ಮಂಜು ಹೋಗೋದೇ ಇಲ್ಲ. ಬೆರಳು ಮಡಚುವ ಜಾಗಕ್ಕೆ ಪದರ ಕಟ್ಟಬೇಡಿ, ನಾಲ್ಕು ಹೆಜ್ಜೆ ಹಾಕಿದರೆ ಮೇಣ ಬಿರಿದು ಹೊಟ್ಟು ಹೊಟ್ಟಾಗಿ ಏಳುತ್ತೆ.

ಇಸ್ತ್ರಿಪೆಟ್ಟಿಗೆ

ಬೂಟಿನ ವಿಷಯ ಉಸ್ತಾದರು ಮುಗಿಸಿದರು. ಬಟ್ಟೆ ನಾನು ಹೇಳ್ತೀನಿ.

ಮಾರಾಯ್ತಿ, ಮುಗ್ಗು ವಾಸನೆ ಬರೋದು ನಿಧಾನವಾಗಿ ಒಣಗೋದರಿಂದ. ಕೊನೇ ತೊಳೆತ ಇನ್‌ಸ್ಪೆಕ್ಷನ್ನಿಗೆ 4 ದಿನ ಮೊದಲು ಮುಗಿಸಿ, ಹಿಂದಿನ ದಿನಕ್ಕೆ ಇಟ್ಟುಕೊಳ್ಳಲೇಬೇಡಿ. ಹಿಂಡಿದ ಮೇಲೆ ಒಣ ಟವೆಲ್ಲಿನಲ್ಲಿ ಸುರುಳಿ ಸುತ್ತಿ ಮೇಲೆ ಮಂಡಿಯೂರಿ ಒತ್ತಿದರೆ ಅರ್ಧ ನೀರು ಟವೆಲ್ಲಿಗೆ ಹೋಗುತ್ತೆ. ಪ್ಯಾಂಟಿನ ಒಳಮೈ ಹೊರಗೆ ಮಾಡಿ ಜೇಬು ಎಳೆದು ಹರಡಿ. ಕೊನೆಗೆ ಒಣಗೋದು ಸೊಂಟದ ಪಟ್ಟಿ ಮತ್ತು ಜೇಬು. ಕಬ್ಬಿಣದ ತಂತಿ ಮೇಲೆ ಹಾಕಬೇಡಿ, ಖಾಕಿ ಮೇಲೆ ತುಕ್ಕಿನ ಗೆರೆ ಬೀಳುತ್ತೆ. ನೈಲಾನ್ ಹಗ್ಗ ಕಟ್ಟಿ. ತುಕ್ಕು ಬಿದ್ದೇಬಿಟ್ಟಿದ್ದರೆ ನಿಂಬೆರಸ, ಉಪ್ಪು ಹಾಕಿ ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಬ್ಲೀಚಿಂಗ್ ಹಾಕಿದರೆ ತುಕ್ಕು ಹೋಗೋದಿಲ್ಲ, ಖಾಕಿ ಬಣ್ಣ ಹೋಗುತ್ತೆ. ಕೆಂಪು ಕೆಸರು ಸಿಡಿದರೆ ಹಸಿ ಇದ್ದಾಗ ಉಜ್ಜಬೇಡಿ, ಒಣಗಲು ಬಿಟ್ಟು ಬ್ರಷ್‌ನಲ್ಲಿ ಉದುರಿಸಿ ಆಮೇಲೆ ತೊಳೆಯಿರಿ.

ಗಂಜಿ ಬೇಡ. ಈ ಖಾಕಿಯ ಟೆರಿಕಾಟ್ ಬಟ್ಟೆ ಗಂಜಿಯನ್ನು ಸರಿಯಾಗಿ ಹಿಡಿಯೋದಿಲ್ಲ, ಈ ತೇವದಲ್ಲಿ ಹಿಡಿದಷ್ಟೂ ಮೆತ್ತಗಾಗಿ ಬೂಸ್ಟಿಗೆ ಊಟವಾಗುತ್ತೆ.

ಇಸ್ತ್ರಿ ಮಧ್ಯಮ ಬಿಸಿ. ಜೋರು ಬಿಸಿಯಲ್ಲಿ ನೇರವಾಗಿ ಒತ್ತಿದರೆ ಹೊಲಿಗೆ, ಜೇಬಿನ ಅಂಚು ಎಲ್ಲ ಮಿರಮಿರ ಹೊಳೆಯುತ್ತೆ, ಆ ಹೊಳಪು ಮತ್ತೆ ಹೋಗೋದಿಲ್ಲ. ತೆಳು ಹತ್ತಿ ಬಟ್ಟೆ ಒದ್ದೆ ಮಾಡಿ ಹಿಂಡಿ ಮೇಲೆ ಹಾಸಿ ಒತ್ತಿ. ಪ್ಯಾಂಟಿಗೆ: ಒಂದು ಕಾಲಿನ ಒಳ ಹೊಲಿಗೆ, ಹೊರ ಹೊಲಿಗೆ ಒಂದರ ಮೇಲೊಂದು ಕೂರಿಸಿ, ಅಂಚಿನಿಂದ ಮೇಲಕ್ಕೆ ಒತ್ತುತ್ತಾ ಬನ್ನಿ. ಹೊಲಿಗೆ ಅರ್ಧ ಇಂಚು ಜಾರಿದರೂ ಹಳೇ ಗೆರೆ ಪಕ್ಕದಲ್ಲಿ ಹೊಸ ಗೆರೆ ಬೀಳುತ್ತೆ, ಜೋಡಿ ಗೆರೆ ದೂರದಿಂದಲೇ ಕಾಣುತ್ತೆ. ಶರ್ಟಿನ ತೋಳಿಗೆ ಭುಜದ ಪಟ್ಟಿಯ ನಡುವಿನಿಂದ ಕೆಳಗೆ ಒಂದೇ ಗೆರೆ. ಒತ್ತಿದ ಜಾಗ ಆರೋವರೆಗೆ ಎತ್ತಬೇಡಿ, ಬಿಸಿಯಲ್ಲೇ ಎತ್ತಿದರೆ ಗೆರೆ ಸಡಿಲ. ಆಮೇಲೆ ಮಡಚೋದು ಬೇಡ, ಹ್ಯಾಂಗರ್‌ಗೆ ಹಾಕಿ.

ಕರೆಂಟ್ ನಂಬಬೇಡಿ. ಎರಡು ರಾತ್ರಿ ಮೊದಲೇ ಇಸ್ತ್ರಿ ಮುಗಿಸಿ. ಇದ್ದಿಲಿನ ಪೆಟ್ಟಿಗೆ ಬಳಸೋದಾದರೆ ಕಿಡಿ ಉದುರೋದು ನಿಂತಮೇಲೆ, ತಳವನ್ನು ಬಾಳೆಲೆ ಮೇಲೆ ಎರಡು ಸಲ ಆಡಿಸಿ ಮಸಿ ಬಿಡಿಸಿ, ಆಮೇಲೆ ಖಾಕಿಗೆ ತನ್ನಿ.

ಕವಲೇದುರ್ಗದ ಹಾದಿ

ಜೋತಾಡುವ ದಾರದ ಎಳೆಯನ್ನು ಲೈಟರ್‌ನಲ್ಲಿ ಸುಡಬೇಕು ಅಂತ ಪ್ರತಿ ಬ್ಯಾಚಲ್ಲೂ ಯಾರೋ ಹೇಳಿಕೊಡ್ತಾರೆ. ಟೆರಿಕಾಟ್‌ನಲ್ಲಿ ಪಾಲಿಯೆಸ್ಟರ್ ಇದೆ, ಕರಗಿ ಕಪ್ಪು ಗುಂಡಾಗಿ ಅಂಟುತ್ತೆ. ಉಗುರು ಕತ್ತರಿಯಲ್ಲಿ ಬುಡಕ್ಕೆ ಕತ್ತರಿಸಿ, ಸಾಕು.

ಹಿತ್ತಾಳೆಗೆ: ಮನೆಯಲ್ಲಿ ವಾಟೆಹುಳಿ ಅಥವಾ ಹುಣಸೆಹಣ್ಣಲ್ಲಿ ಉಜ್ಜಿರ್ತಾರೆ, ಅದಕ್ಕೇ ಮರುದಿನ ಕಪ್ಪಾಗೋದು. ಹುಳಿ ಕಿಲುಬು ತೆಗೆಯುತ್ತೆ, ನಿಜ. ಆದರೆ ಸಂದಿಯಲ್ಲಿ ಉಳಿದ ಹುಳಿಯೇ ಈ ತೇವದಲ್ಲಿ ಮತ್ತೆ ಕಿಲುಬು ತರಿಸುತ್ತೆ. ಹಸಿರು ಜಾಸ್ತಿ ಇದ್ದರೆ ಮೊದಲು ಹುಳಿ, ಕೂಡಲೇ ಸೋಪು ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ, ಆಮೇಲೆ ಬ್ರಾಸೋ (ಲೋಹಕ್ಕೆ ಹಚ್ಚುವ ಪಾಲಿಶ್). ಬ್ರಾಸೋ ಅವರೆಕಾಳಿನಷ್ಟು ಸಾಕು. ಹಚ್ಚಿ, ಬಿಳಿಯಾಗಿ ಒಣಗಲು ಬಿಟ್ಟು, ಒಣ ಬಟ್ಟೆಯಲ್ಲಿ ಉಜ್ಜಿ. ಅಕ್ಷರದ ಸಂದಿಯ ಬಿಳಿ ಪುಡಿಯನ್ನು ಹಳೇ ಟೂತ್‌ಬ್ರಷ್‌ನಲ್ಲಿ ತೆಗೀರಿ. ಬೆಲ್ಟಿನ ಹಿತ್ತಾಳೆ ಬಿಚ್ಚಲು ಬರದಿದ್ದರೆ ಹಳೇ ಎಕ್ಸ್‌ರೇ ಫಿಲ್ಮ್‌ನಲ್ಲಿ ಸೀಳು ಮಾಡಿ ಹಿತ್ತಾಳೆಯ ಅಡಿಗೆ ತೂರಿಸಿ, ಇಲ್ಲದಿದ್ದರೆ ನೇಯ್ಗೆ ಮೇಲೆ ಕಪ್ಪು ಕಲೆ ಖಾಯಂ. ಬೂದಿ ಬೇಡ, ಗೀರು ಬೀಳುತ್ತೆ. ಮತ್ತೆ ಒಂದು ಮಾತು: ಅಂಗಡಿಯಲ್ಲಿ ಕೊಂಡ ಬ್ಯಾಡ್ಜ್ ಕೆಲವು ಹಿತ್ತಾಳೆಯಲ್ಲ, ಬರೀ ಹೊಂಬಣ್ಣದ ಲೇಪ. ಅದಕ್ಕೆ ಬ್ರಾಸೋ ಹಾಕಿದರೆ ಲೇಪ ಎದ್ದು ಬೆಳ್ಳಗಾಗುತ್ತೆ. ಹಿಂಬದಿಯಲ್ಲಿ ಮೊದಲು ಉಜ್ಜಿ ನೋಡಿ.

ಉಜ್ಜಿದ ಮೇಲೆ ಬೆರಳು ಮುಟ್ಟಿಸದೆ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಡಿ. ಬೆವರಿನ ಬೆರಳಚ್ಚು ಬೆಳಗಾಗೋದರೊಳಗೆ ಕಂದು ಬಣ್ಣದಲ್ಲಿ ಮೂಡಿರುತ್ತೆ.

ತುಂಗೆಯ ದಡ

ಎಲ್ಲರಿಗೂ ಥ್ಯಾಂಕ್ಸ್. ವಾಟೆಹುಳಿ ಅಂತ ಕಂಡುಹಿಡಿದುಬಿಟ್ರಲ್ಲ! ಬ್ಯಾರೆ ಬಗ್ಗೆ ಯಾರೂ ಹೇಳಲಿಲ್ಲ. ಮತ್ತೆ ಬೂಟಿಗೆ ಕೊಬ್ಬರಿ ಎಣ್ಣೆ ಹಚ್ಚಿದರೆ ನೀರು ಇಳಿಯೋದಿಲ್ಲ ಅಂತ ಒಬ್ಬ ಹುಡುಗ ಹಚ್ಚಿಬಿಟ್ಟಿದ್ದಾನೆ. ಈಗ ಪಾಲಿಶ್ ಹಿಡೀತಾ ಇಲ್ಲ.

ಹಳೇ ಉಸ್ತಾದ್

ಎಣ್ಣೆ ಮೇಲೆ ಮೇಣ ಗಟ್ಟಿಯಾಗೋದಿಲ್ಲ, ಅದಕ್ಕೇ ಹಿಡೀತಿಲ್ಲ. ಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಬಟ್ಟೆ ಹಿಂಡಿ ಮೂರ್ನಾಲ್ಕು ಸಲ ಒರೆಸಲಿ, ಒಂದು ದಿನ ಒಣಗಲಿ, ಮೊದಲಿನಿಂದ ಶುರು ಮಾಡಲಿ. ಮೂತಿಗೆ ಕನ್ನಡಿ ಹೊಳಪು ಬರದಿದ್ದರೂ ಚಿಂತೆಯಿಲ್ಲ, ಸಮನಾದ ಕಪ್ಪು ಬಂದರೆ ಆಯ್ತು.

ಬ್ಯಾರೆ: ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಮೆತ್ತಗೆ ಒತ್ತಿ, ತಿರುಚಬೇಡಿ. ಉಣ್ಣೆಯದ್ದಾದರೆ ಬಿಸಿನೀರು ತಾಗಿದ್ದೇ ಕುಗ್ಗುತ್ತೆ. ಒದ್ದೆ ಇರುವಾಗಲೇ ತಲೆಗೆ ಹಾಕಿ; ಪಟ್ಟಿ ಹುಬ್ಬಿನ ಮೇಲೆ ಒಂದು ಇಂಚು, ಸುತ್ತ ನೇರ. ಬ್ಯಾಡ್ಜ್ ಎಡಗಣ್ಣಿನ ನೇರಕ್ಕೆ. ಉಳಿದ ಬಟ್ಟೆಯನ್ನು ಬಲಕ್ಕೆ ಎಳೆದು ಕಿವಿ ಕಡೆಗೆ ಅಂಗೈಯಲ್ಲಿ ನೀವಿ. ಬ್ಯಾಡ್ಜ್ ಮೇಲ್ಭಾಗದಲ್ಲಿ ಗುಳ್ಳೆ ಏಳಬಾರದು. ಅರ್ಧ ಗಂಟೆ ತಲೆ ಮೇಲಿರಲಿ, ಆಮೇಲೆ ಅದೇ ಆಕಾರದಲ್ಲಿ ತಲೆಕೆಳಗಾಗಿಟ್ಟ ಪಾತ್ರೆ ಮೇಲೆ ಹಾಕಿ ಒಣಗಿಸಿ. ಎರಡು ಸಲ ಹೀಗೆ ಮಾಡಿದರೆ ದೋಸೆ ಹೋಗುತ್ತೆ. ಹೊರಗೆ ನವಿರು ಎದ್ದಿದ್ದರೆ ಒಣ ರೇಜರ್ ಒಂದೇ ದಿಕ್ಕಿಗೆ ಹಗುರಾಗಿ ಆಡಿಸಿ.

ಬ್ಯಾರೆಗೆ ಸಿಕ್ಕಿಸುವ ಗರಿಗೊಂಚಲು, ಕೆಂಪು ಹ್ಯಾಕಲ್‌ಗೆ ಮಳೆ ಬಿದ್ದರೆ ಗರಿ ಅಂಟಿಕೊಂಡು ಇಲಿಬಾಲ ಆಗುತ್ತೆ, ಬಣ್ಣವೂ ಇಳಿಯಬಹುದು. ಕವರಲ್ಲಿ ಇಟ್ಟುಕೊಂಡು ಬನ್ನಿ, ಮೈದಾನದಲ್ಲೇ ಬ್ಯಾಡ್ಜ್ ಹಿಂದೆ ಸಿಕ್ಕಿಸಿ. ತೋಳು ಮಡಚುವ ಅಳತೆ, ಲ್ಯಾನ್ಯಾರ್ಡ್ (ಭುಜಕ್ಕೆ ಹಾಕುವ ಹೆಣೆದ ಹುರಿ), ನೇಮ್‌ಪ್ಲೇಟ್ ಜಾಗ ಇವನ್ನೆಲ್ಲ ಇಂಟರ್‌ನೆಟ್ ಫೋಟೋ ನೋಡಿ ತೀರ್ಮಾನಿಸಬೇಡ. ನಿಮ್ಮ ಪಿಐ ಸ್ಟಾಫ್ (ಸೇನೆಯಿಂದ ಬಂದ ತರಬೇತುದಾರರು) ಹವಾಲ್ದಾರರನ್ನು ಕೇಳಿ ಒಂದು ಅಳತೆ ಬರೆದುಕೋ, 28 ಜನಕ್ಕೂ ಅದೇ. ಒಬ್ಬೊಬ್ಬರದು ಒಂದೊಂದು ಥರ ಇದ್ದರೆ ಮೊದಲು ಕಣ್ಣಿಗೆ ಹೊಡೆಯೋದು ಅದು.

ಸಹ್ಯಾದ್ರಿ ಗರ್ಲ್

ಹುಡುಗಿಯರ ಬಗ್ಗೆ ಯಾರೂ ಬರೆದಿಲ್ಲ, ಹಾಗಾಗಿ ಸ್ವಲ್ಪ. ಜಡೆ ಎತ್ತರಕ್ಕೆ ಸುತ್ತಿದರೆ ಬ್ಯಾರೆ ಹಿಂದಿನಿಂದ ಮೇಲೇಳುತ್ತೆ. ತುರುಬು ಕತ್ತಿನ ಕುಳಿಯ ಮೇಲೆ ತಗ್ಗಿಗೆ ಬರಲಿ, ಕಪ್ಪು ನೆಟ್, ಕಪ್ಪು ಪಿನ್. ಒದ್ದೆ ತಲೆಯಲ್ಲಿ ಕಟ್ಟಬೇಡಿ, ಒಣಗುತ್ತಾ ಸಡಿಲವಾಗಿ ಹೇರ್‌ಪಿನ್ ಜಾರುತ್ತೆ. ತಲೆಸ್ನಾನ ಹಿಂದಿನ ದಿನ ಬೆಳಿಗ್ಗೆಯೇ ಮುಗಿಸಲಿ. ಬಳೆ, ಓಲೆ, ಉಗುರುಬಣ್ಣ, ಕೈಗೆ ಕಟ್ಟಿದ ದಾರ ಇವುಗಳ ಬಗ್ಗೆ ಇವತ್ತೇ ಹೇಳಿಬಿಡು. ಹರಕೆ ದಾರವನ್ನು ಮೈದಾನದಲ್ಲಿ ಬಿಚ್ಚು ಅಂದರೆ ಅಳು ಬರುತ್ತೆ, ಮನೆಯಲ್ಲಿ ಕೇಳಿಕೊಂಡು ಬರಲು ಅವರಿಗೆ ಸಮಯ ಬೇಕು.

ಹಿಂದಿನ ಸಂಜೆ ಎಲ್ಲರೂ ಚಾಪೆ ಮೇಲೆ ಸಾಮಾನು ಹರಡಲಿ: ಬ್ಯಾರೆ, ಬ್ಯಾಡ್ಜ್, ಶರ್ಟ್, ಪ್ಯಾಂಟ್, ಬೆಲ್ಟ್, ಸಾಕ್ಸ್, ಬೂಟ್, ಐಡಿ ಕಾರ್ಡ್. ಇಲ್ಲದ್ದು ಆಗಲೇ ಗೊತ್ತಾಗುತ್ತೆ. ಬೆಳಿಗ್ಗೆ ಮಳೆಯಲ್ಲಿ ಬರುವಾಗ ಬೂಟು ಚೀಲದಲ್ಲಿ, ಕಾಲಿಗೆ ಚಪ್ಪಲಿ, ಪ್ಯಾಂಟ್ ಮಂಡಿವರೆಗೆ ಮಡಚಬೇಡಿ, ಗೆರೆ ಹಾಳು. ಟ್ರ್ಯಾಕ್ ಪ್ಯಾಂಟಲ್ಲಿ ಬಂದು ಅಲ್ಲೇ ಬದಲಾಯಿಸಿ. ನೀನು ಒಂದು ಡಬ್ಬಿಯಲ್ಲಿ ಖಾಕಿ ದಾರ, ಸೂಜಿ, ಎರಡು ಗುಂಡಿ, ಪಿನ್, ಕತ್ತರಿ, ಒಣ ಬಟ್ಟೆ, ಒಂದು ಜೊತೆ ಲೇಸ್ ಇಟ್ಟುಕೋ. 45 ನಿಮಿಷ ಮೊದಲು ಜೋಡಿ ನೋಡಲಿ, ಆಮೇಲೆ ಕಾರ್ಪೋರಲ್, ಕೊನೆಗೆ ನೀನು. ನೀನು ನೋಡುವಾಗ ಹಿಂದಿನಿಂದ ಶುರುಮಾಡು.

ತಿಂಡಿ ತಿನ್ನದೆ ಬಂದವರನ್ನು ಕೇಳಿ ಗುರುತಿಸು. ಸಾವಧಾನ್ (ಅಟೆನ್ಷನ್) ನಿಲುವಿನಲ್ಲಿ ಮಂಡಿ ಕಲ್ಲಿನ ಹಾಗೆ ಬಿಗಿದು ನಿಂತರೆ ತಲೆ ತಿರುಗುತ್ತೆ, ಬೂಟಿನೊಳಗೆ ಬೆರಳು ಆಡಿಸುತ್ತಿರಲು ಹೇಳು. ಅಧಿಕಾರಿ ಪ್ರಶ್ನೆ ಕೇಳಿದರೆ ತನ್ನ ಹೆಸರು, ಬೆಟಾಲಿಯನ್, ಎನ್‌ಸಿಸಿ ಧ್ಯೇಯವಾಕ್ಯ "ಏಕತಾ ಔರ್ ಅನುಶಾಸನ್" ಇಷ್ಟು ನಾಲಿಗೆ ತುದಿಯಲ್ಲಿರಲಿ.

ತುಂಗೆಯ ದಡ

ನೈಲಾನ್ ಹಗ್ಗ ಇವತ್ತೇ ತರಿಸಿದೆ. ನಾಳೆಯಿಂದ ಬೂಟು.