ಏರ್‌ಬ್ಯಾಗ್ ಲೈಟ್ ಆರ್ತಿಲ್ಲ, ಹಾರ್ನೂ ಕೈಕೊಡ್ತಿದೆ

ಪ್ರಶ್ನೆ: ಕಾರಿನ ದೋಷ ಓದುವ ಸ್ಕ್ಯಾನರ್‌ನಲ್ಲಿ ‘ಡ್ರೈವರ್ ಏರ್‌ಬ್ಯಾಗ್ ರೆಸಿಸ್ಟೆನ್ಸ್ ಹೆಚ್ಚು’ ಅಂತ ಕೋಡ್. ಸ್ಟೀರಿಂಗ್ ತಿರುಗಿಸಿದಾಗ ಹಾರ್ನ್ ಬಂದು ಹೋಗುತ್ತೆ. ಏರ್‌ಬ್ಯಾಗ್‌ಗೇ ಮಲ್ಟಿಮೀಟರ್ ಇಟ್ಟು ನೋಡಬಹುದಾ ಸರ್?

ಉತ್ತರ 1: ಇಡಲೇಬೇಡಿ! ಮೀಟರ್‌ನ ಸಣ್ಣ ಕರೆಂಟಿಗೂ ಬ್ಯಾಗ್ ಸಿಡಿಯುವ ಅಪಾಯವಿದೆ. ಹಾರ್ನೂ ಜೊತೆಗೆ ಹೋಗಿದೆ ಅಂದ್ರೆ ನನ್ನ ಅನುಮಾನ ಕ್ಲಾಕ್ ಸ್ಪ್ರಿಂಗ್ ಮೇಲೆ. ಸ್ಟೀರಿಂಗ್ ಹಿಂದೆ ಸುರುಳಿ ಸುತ್ತಿರುವ ರಿಬ್ಬನ್ ಕೇಬಲ್ ಅದು. ಎಳೆ ಬಿರುಕು ಬಿಟ್ಟರೆ ತಿರುಗಿಸಿದಾಗ ಕನೆಕ್ಷನ್ ತಪ್ಪುತ್ತೆ. ಏರ್‌ಬ್ಯಾಗ್ ಕಂಟ್ರೋಲ್ ಯೂನಿಟ್ ಈ ಸರ್ಕ್ಯೂಟಿನ ರೆಸಿಸ್ಟೆನ್ಸನ್ನು ಸದಾ ಅಳೆಯುತ್ತಿರುತ್ತೆ, ಸಾಮಾನ್ಯವಾಗಿ 2 ಓಮ್ ಆಸುಪಾಸು. ಬ್ಯಾಗ್ ಕಳಚಿ, ಆ ಕನೆಕ್ಟರ್‌ಗೆ 2 ಓಮ್ ಡಮ್ಮಿ ಲೋಡ್ (ಬ್ಯಾಗ್ ಬದಲಿಗೆ ಒಂದು ರೆಸಿಸ್ಟರ್) ಹಾಕಿ. ಕೋಡ್ ಆಮೇಲೂ ಬಂದರೆ ಬ್ಯಾಗ್ ಸರಿಯಿದೆ, ದೋಷ ಕ್ಲಾಕ್ ಸ್ಪ್ರಿಂಗ್ ಅಥವಾ ವೈರಿಂಗ್ ಕಡೆಗೆ.

ಉತ್ತರ 2: ಕಳಚೋ ಮೊದಲು ಚಕ್ರ ನೇರ ಮಾಡಿ, ಇಗ್ನಿಷನ್ ಆಫ್, ಬ್ಯಾಟರಿ ನೆಗೆಟಿವ್ ತೆಗೆಯಿರಿ. ಯೂನಿಟ್ ಒಳಗಿನ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತೆ, ಹಾಗಾಗಿ ಮ್ಯಾನ್ಯುಯಲ್ ಹೇಳಿದಷ್ಟು ಹೊತ್ತು ಕಾಯಲೇಬೇಕು. ಡಮ್ಮಿ ಲೋಡ್ ಹಾಕುವಾಗಲೂ, ವಾಪಸ್ ಜೋಡಿಸುವಾಗಲೂ ಇದೇ ಕ್ರಮ. ಕಳಚಿದ ಬ್ಯಾಗನ್ನು ಕವರ್ ಮೇಲ್ಮುಖವಾಗಿ ಇಡಿ. ಬೋರಲು ಇಟ್ಟು ಸಿಡಿದರೆ ಅದೇ ರಾಕೆಟ್.

ಪ್ರಶ್ನೆ: ಗುಜರಿಯ ಕ್ಲಾಕ್ ಸ್ಪ್ರಿಂಗ್ ನಡೆಯುತ್ತಾ?

ಉತ್ತರ 1: ಬೇಡ, ಹೊಸದೇ ಹಾಕಿ. ಅದನ್ನು ಸೆಂಟರ್‌ನಲ್ಲಿ ಹಿಡಿದಿಡುವ ಲಾಕ್ ಪಿನ್ನನ್ನು, ಸ್ಪ್ರಿಂಗ್ ಕೂರಿಸಿದ ಮೇಲಷ್ಟೇ ತೆಗೆಯಿರಿ. ಸೆಂಟರ್ ತಪ್ಪಿದ್ದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ರಿಬ್ಬನ್ ಹರಿಯುತ್ತೆ. ಕೊನೆಗೆ ಸ್ಕ್ಯಾನರ್‌ನಿಂದ ಕೋಡ್ ಅಳಿಸಿ.