ಪ್ರಶ್ನೋತ್ತರ: ಅಮೆರಿಕದ ಪೌರತ್ವ ಸಿಗುವಾಗ ದಾಖಲೆಗಳಲ್ಲಿನ ಹೆಸರನ್ನು ಸರಿಪಡಿಸಿಕೊಳ್ಳುವ ಬಗೆ

ಪ್ರಶ್ನೆ (ನ್ಯೂಜೆರ್ಸಿಯ ಸದಸ್ಯೆ):
ವಕೀಲರಾದ ಮೇಡಂ ಅವರಿಗೆ ನಮಸ್ಕಾರ. ನಾನು ಹಾಸನ ಜಿಲ್ಲೆಯವಳು. ನಮ್ಮ ಮನೆಯಲ್ಲಿ ಯಾರಿಗೂ ಅಡ್ಡಹೆಸರಿಲ್ಲ, ಎಲ್ಲರಿಗೂ ಇನಿಷಿಯಲ್ ಮಾತ್ರ. ಭಾರತದ ಪಾಸ್‌ಪೋರ್ಟ್ ಮಾಡಿಸುವಾಗ ನನ್ನ ಹೆಸರನ್ನೂ ತಂದೆಯ ಹೆಸರನ್ನೂ ‘ಗಿವನ್ ನೇಮ್’ ಎಂಬ ಒಂದೇ ಕಡೆ ಬರೆದು, ‘ಸರ್‌ನೇಮ್’ ಜಾಗವನ್ನು ಖಾಲಿ ಬಿಟ್ಟಿದ್ದೆವು. ಅಮೆರಿಕದ ವೀಸಾ ಬಂದಾಗ ಆ ಎರಡೂ ಹೆಸರುಗಳು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚಾಗಿತ್ತು. ಗ್ರೀನ್ ಕಾರ್ಡಿನಲ್ಲೂ ಹಾಗೆಯೇ ಇದೆ. ಔಷಧಿ ಅಂಗಡಿಯ ಕೌಂಟರಿನಲ್ಲಿ ‘ಫ್ನೂ’ ಎಂದು ಕೂಗಿದರೆ ನಾನು ಎದ್ದು ಹೋಗಬೇಕು, ಹನ್ನೆರಡು ವರ್ಷದ ಮಗಳು ಪಕ್ಕದಲ್ಲಿ ನಿಂತು ಅದನ್ನು ಕೇಳಿಸಿಕೊಳ್ಳುತ್ತಾಳೆ. ಈಗ ಪೌರತ್ವದ ಅರ್ಜಿ ಹಾಕುತ್ತಿದ್ದೇನೆ. ಹೆಸರನ್ನು ಈಗಲೇ ಸರಿಮಾಡಿಸಬೇಕೇ, ಪೌರತ್ವ ಬಂದ ಮೇಲೆ ನೋಡಿಕೊಳ್ಳಬಹುದೇ? ಅಡ್ಡಹೆಸರಾಗಿ ಪತಿಯ ಹೆಸರು, ತಂದೆಯ ಹೆಸರು, ಊರಿನ ಹೆಸರು, ಇವುಗಳಲ್ಲಿ ಯಾವುದನ್ನು ಇಟ್ಟುಕೊಳ್ಳುವುದು ಒಳ್ಳೆಯದು?

ಉತ್ತರ (ವಕೀಲೆ):
ನಮಸ್ಕಾರ. ಇನಿಷಿಯಲ್ ಇಟ್ಟುಕೊಂಡು ಬೆಳೆದ ನಮ್ಮ ಕಡೆಯವರನ್ನು ಈ ತೊಂದರೆ ವರ್ಷಗಟ್ಟಲೆ ಬಿಡದೆ ಕಾಡುತ್ತದೆ. ‘ಎಫ್‌ಎನ್‌ಯು’ ಎಂದರೆ ಮೊದಲ ಹೆಸರು ತಿಳಿದಿಲ್ಲ ಎಂಬುದರ ಸಂಕ್ಷೇಪ ಅಷ್ಟೇ, ಅದು ನಿಮ್ಮ ಹೆಸರಲ್ಲ. ದಯವಿಟ್ಟು ಈಗಲೇ ಸರಿಮಾಡಿಸಿ.

ಪೌರತ್ವದ ಅರ್ಜಿಯಾದ ಎನ್-400ರಲ್ಲಿಯೇ ಹೆಸರು ಬದಲಿಸಲು ಇಷ್ಟವಿದೆಯೇ ಎಂಬ ಪ್ರಶ್ನೆ ಇದೆ. ಅಲ್ಲಿ ಹೌದು ಎಂದು ಗುರುತು ಹಾಕಿ, ನಿಮಗೆ ಬೇಕಾದ ಹೆಸರನ್ನು ಪೂರ್ತಿಯಾಗಿ ಬರೆಯಿರಿ. ಸಂದರ್ಶನದ ದಿನ ಅಧಿಕಾರಿಯು ಹೆಸರು ಬದಲಾವಣೆಯ ಮನವಿಗೆ ನಿಮ್ಮಿಂದ ಸಹಿ ಹಾಕಿಸಿಕೊಳ್ಳುತ್ತಾರೆ. ಆದರೆ ಹೆಸರು ಬದಲಿಸುವ ಅಧಿಕಾರ ವಲಸೆ ಇಲಾಖೆಗೆ ಇಲ್ಲ, ಅದು ನ್ಯಾಯಾಧೀಶರದು. ಪ್ರಮಾಣವಚನ ಸಮಾರಂಭಗಳಲ್ಲಿ ಎರಡು ಬಗೆ. ಒಂದು ಇಲಾಖೆಯ ಅಧಿಕಾರಿಗಳೇ ಬೋಧಿಸುವಂಥದ್ದು, ಇನ್ನೊಂದು ನ್ಯಾಯಾಲಯದಲ್ಲಿ ನಡೆಯುವಂಥದ್ದು. ಹೆಸರು ಬದಲಾವಣೆ ಕೇಳಿದವರನ್ನು ಎರಡನೆಯದಕ್ಕೆ ಕಳುಹಿಸುತ್ತಾರೆ. ನ್ಯಾಯಾಲಯದ ದಿನಾಂಕಕ್ಕಾಗಿ ಕೆಲವು ಕಡೆ ಹೆಚ್ಚು ಕಾಯಬೇಕಾಗುತ್ತದೆ ಎಂಬುದು ನಿಜ. ಕಾಯುವುದು ಬೇಡವೆಂದು ಹಲವರು ಸಂದರ್ಶನದಲ್ಲಿ ಮನವಿಯನ್ನು ಹಿಂತೆಗೆದುಕೊಂಡು ಅಂದೇ ಪ್ರಮಾಣ ಸ್ವೀಕರಿಸಿಬಿಡುತ್ತಾರೆ. ಆಮೇಲೆ ಅದೇ ಕೆಲಸಕ್ಕೆ ರಾಜ್ಯದ ನ್ಯಾಯಾಲಯದಲ್ಲಿ ಬೇರೆಯಾಗಿ ಅರ್ಜಿ, ಶುಲ್ಕ, ಹಾಜರಿ ಎಲ್ಲವೂ ಬೇಕಾಗುತ್ತದೆ. ಪೌರತ್ವದ ಜೊತೆಗೆ ಕೇಳಿದರೆ ಹೆಸರಿಗೆಂದು ಇಲಾಖೆಗೆ ಪ್ರತ್ಯೇಕ ಶುಲ್ಕ ಕಟ್ಟಬೇಕಾಗಿಲ್ಲ, ಪೌರತ್ವ ಪ್ರಮಾಣಪತ್ರವೇ ಹೊಸ ಹೆಸರಿನಲ್ಲಿ ಬರುತ್ತದೆ. ಮುಂದಿನ ಎಲ್ಲಾ ದಾಖಲೆಗಳಿಗೂ ಆ ಪತ್ರವೇ ಬುಡ. ಅದರಲ್ಲಿ ‘ಎಫ್‌ಎನ್‌ಯು’ ಉಳಿದುಬಿಟ್ಟರೆ ಅದನ್ನು ಆಧರಿಸಿದ ಎಲ್ಲದರಲ್ಲೂ ಆ ಮೂರಕ್ಷರ ಹಿಂಬಾಲಿಸುತ್ತದೆ.

ಇನ್ನು ಯಾವ ಹೆಸರು ಎಂಬುದು. ಇದು ನಿಮ್ಮ ಮನಸ್ಸಿಗೆ ಬಿಟ್ಟದ್ದು, ಆದರೂ ನನ್ನ ಅಭಿಪ್ರಾಯವನ್ನು ಹೇಳುತ್ತೇನೆ. ನಿಮ್ಮ ಭಾರತದ ಪಾಸ್‌ಪೋರ್ಟಿನಲ್ಲಿ ಈಗಾಗಲೇ ಎರಡು ಪದಗಳಿವೆ. ಹೊಸದೇನನ್ನೂ ಸೇರಿಸದೆ, ಏನನ್ನೂ ಕಳೆಯದೆ, ಅವೇ ಎರಡು ಪದಗಳನ್ನು ಎರಡು ಕಡೆಗೆ ಹಂಚಿ: ನಿಮ್ಮ ಹೆಸರು ಮೊದಲ ಹೆಸರಾಗಲಿ, ತಂದೆಯ ಹೆಸರು ಅಡ್ಡಹೆಸರಾಗಲಿ. ಹೀಗೆ ಮಾಡಿದರೆ ಊರಿನ ಅಂಕಪಟ್ಟಿ, ಪ್ಯಾನ್, ಬ್ಯಾಂಕ್ ಪುಸ್ತಕಗಳನ್ನು ಹೊಸ ಅಮೆರಿಕನ್ ಪಾಸ್‌ಪೋರ್ಟಿನ ಪಕ್ಕ ಇಟ್ಟಾಗ ಓದುವವರಿಗೆ ಅದೇ ಹೆಸರು ಕಾಣಿಸುತ್ತದೆ. ಪತಿಯ ಹೆಸರನ್ನೋ ಊರಿನ ಹೆಸರನ್ನೋ ಹೊಸದಾಗಿ ತಂದರೆ ಕಾನೂನಿನ ಅಡ್ಡಿಯೇನೂ ಇಲ್ಲ. ಆದರೆ ತಾಲ್ಲೂಕು ಕಚೇರಿಯ ಗುಮಾಸ್ತರು ಮುಂದೊಂದು ದಿನ ‘ಈ ಹೆಣ್ಣುಮಗಳು ಯಾರು?’ ಎಂದು ಕೇಳಿದಾಗ ಉತ್ತರ ಹೇಳುವ ಹೊಣೆ ನಿಮ್ಮ ಮೇಲೆಯೇ ಬೀಳುತ್ತದೆ.

ಪ್ರಶ್ನೆ (ಅದೇ ಸದಸ್ಯೆ):
ತುಂಬಾ ಧನ್ಯವಾದಗಳು ಮೇಡಂ. ಮಗಳು ಮೈಸೂರಿನಲ್ಲಿ ಹುಟ್ಟಿದವಳು, ಗ್ರೀನ್ ಕಾರ್ಡ್ ಇದೆ, ನಮ್ಮ ಜೊತೆಯಲ್ಲೇ ಇದ್ದಾಳೆ. ಅವಳ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಆಗಿ ನನ್ನ ಪತಿಯ ಹೆಸರಿದೆ. ನನಗೆ ತಂದೆಯ ಹೆಸರು, ಅವಳಿಗೆ ಪತಿಯ ಹೆಸರು ಎಂದಾದರೆ ತೊಂದರೆಯಾಗುವುದೇ?

ಉತ್ತರ:
ಆಗುವುದಿಲ್ಲ. 2001ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಮಕ್ಕಳ ಪೌರತ್ವ ಕಾಯ್ದೆಯಂತೆ, ಹದಿನೆಂಟು ತುಂಬದ, ಗ್ರೀನ್ ಕಾರ್ಡ್ ಇರುವ, ನಿಮ್ಮ ಸುಪರ್ದಿಯಲ್ಲಿ ಇಲ್ಲೇ ವಾಸಿಸುವ ಮಗಳು ನೀವು ಪ್ರಮಾಣ ಸ್ವೀಕರಿಸಿದ ಕ್ಷಣವೇ ತಾನಾಗಿಯೇ ಪೌರಳಾಗುತ್ತಾಳೆ. ಆದರೆ ನಿಮ್ಮ ಹೆಸರಿನ ಬದಲಾವಣೆ ಅವಳಿಗೆ ಅನ್ವಯಿಸುವುದಿಲ್ಲ. ಅವಳ ಹೆಸರು ಬದಲಿಸಬೇಕೆಂದರೆ ರಾಜ್ಯದ ನ್ಯಾಯಾಲಯಕ್ಕೇ ಹೋಗಬೇಕು. ಅವಳ ಹೆಸರು ಸರಿಯಾಗಿಯೇ ಇರುವುದರಿಂದ ಅದನ್ನು ಮುಟ್ಟಬೇಡಿ. ನೀವಿಬ್ಬರೇ ಪ್ರಯಾಣ ಮಾಡುವಾಗ ಅವಳ ಜನನ ಪ್ರಮಾಣಪತ್ರದ ಪ್ರತಿಯೊಂದು ಕೈಚೀಲದಲ್ಲಿರಲಿ.

ಪ್ರಶ್ನೆ (ಟೆಕ್ಸಾಸ್‌ನ ಹಿರಿಯ ಸದಸ್ಯರು):
ಮೇಡಂ, ನಾನು ಅವಸರಪಟ್ಟೆ. ಎಂಟು ತಿಂಗಳ ಹಿಂದೆ ಹೆಸರು ಬದಲಿಸದೆಯೇ ಪ್ರಮಾಣ ಸ್ವೀಕರಿಸಿದೆ, ಪಾಸ್‌ಪೋರ್ಟೂ ಬಂದು ಆರು ತಿಂಗಳಾಯಿತು. ಈಗ ಮಕ್ಕಳೆಲ್ಲ ನಮ್ಮ ಮನೆತನದ ಹೆಸರನ್ನು ಇಟ್ಟುಕೊಳ್ಳಿ ಎನ್ನುತ್ತಿದ್ದಾರೆ. ಕಾಲ ಮೀರಿತೇ?

ಉತ್ತರ:
ಮೀರಿಲ್ಲ ಸರ್, ದಾರಿ ಮಾತ್ರ ಸ್ವಲ್ಪ ಉದ್ದವಾಯಿತು. ನಿಮ್ಮ ಕೌಂಟಿಯ ನ್ಯಾಯಾಲಯದಲ್ಲಿ ಹೆಸರು ಬದಲಾವಣೆಗೆ ಅರ್ಜಿ ಹಾಕಿ, ಆದೇಶ ಬಂದಾಗ ನ್ಯಾಯಾಲಯದ ಮುದ್ರೆಯಿರುವ ದೃಢೀಕೃತ ಪ್ರತಿಗಳನ್ನು ಮೂರು ನಾಲ್ಕಾದರೂ ಪಡೆಯಿರಿ. ಮೊದಲು ಸೋಷಿಯಲ್ ಸೆಕ್ಯುರಿಟಿ ಕಚೇರಿಗೆ ಎಸ್‌ಎಸ್-5 ಅರ್ಜಿಯೊಡನೆ ಹೋಗಿ, ಅದಕ್ಕೆ ಶುಲ್ಕವಿಲ್ಲ. ಅಲ್ಲಿ ಬದಲಾದ ಮೇಲೆಯೇ ಡ್ರೈವಿಂಗ್ ಲೈಸೆನ್ಸ್ ಕಚೇರಿಗೆ ಹೋಗಿ, ಏಕೆಂದರೆ ಅವರು ನಿಮ್ಮ ಹೆಸರನ್ನು ಸೋಷಿಯಲ್ ಸೆಕ್ಯುರಿಟಿಯ ದಾಖಲೆಯೊಡನೆ ಹೋಲಿಸಿ ನೋಡುತ್ತಾರೆ. ಈ ಕ್ರಮ ತಪ್ಪಿಸಿ ಮೊದಲು ಲೈಸೆನ್ಸಿಗೆ ಹೋಗಿ ಬರಿಗೈಯಲ್ಲಿ ಮರಳಿದವರನ್ನು ನಾನು ಬಹಳ ಕಂಡಿದ್ದೇನೆ. ತೆರಿಗೆ ಲೆಕ್ಕ ಸಲ್ಲಿಸುವಾಗಲೂ ಸೋಷಿಯಲ್ ಸೆಕ್ಯುರಿಟಿಯಲ್ಲಿರುವ ಹೆಸರನ್ನೇ ಬಳಸಬೇಕು.

ಪಾಸ್‌ಪೋರ್ಟಿನ ವಿಷಯದಲ್ಲಿ ಮಾತ್ರ ನಿಮಗೆ ತುರ್ತಿದೆ. ಪಾಸ್‌ಪೋರ್ಟ್ ಸಿಕ್ಕಿದ ಒಂದು ವರ್ಷದೊಳಗೆ ಕಾನೂನುಬದ್ಧವಾಗಿ ಹೆಸರು ಬದಲಾಗಿ, ಅರ್ಜಿಯನ್ನೂ ಆ ವರ್ಷದೊಳಗೆ ಹಾಕಿದರೆ ಡಿಎಸ್-5504 ಎಂಬ ಅರ್ಜಿಯಲ್ಲಿ ಸಾಮಾನ್ಯ ಶುಲ್ಕವಿಲ್ಲದೆ ಹೊಸ ಪುಸ್ತಕ ಸಿಗುತ್ತದೆ. ವರ್ಷ ದಾಟಿದರೆ ನವೀಕರಣದ ಶುಲ್ಕವನ್ನು ಪೂರ್ತಿ ಕಟ್ಟಬೇಕು. ನಿಮಗೆ ಉಳಿದಿರುವುದು ಆರು ತಿಂಗಳು, ಆದ್ದರಿಂದ ನ್ಯಾಯಾಲಯದ ಅರ್ಜಿಯನ್ನು ಈ ವಾರವೇ ಹಾಕಿ. ಪೌರತ್ವ ಪ್ರಮಾಣಪತ್ರವನ್ನು ಹೊಸ ಹೆಸರಿನಲ್ಲಿ ಪಡೆಯಲು ಎನ್-565 ಎಂಬ ಅರ್ಜಿ ಇದೆ, ಅದರ ಶುಲ್ಕ ಐನೂರು ಡಾಲರಿಗೂ ಮೇಲಿದೆ. ಅದು ಕಡ್ಡಾಯವಲ್ಲ. ಹಳೆಯ ಪ್ರಮಾಣಪತ್ರ ಮತ್ತು ನ್ಯಾಯಾಲಯದ ಆದೇಶ ಎರಡನ್ನೂ ಒಟ್ಟಿಗೆ ಜೋಪಾನವಾಗಿ ಇಟ್ಟುಕೊಂಡರೆ ಹೆಚ್ಚಿನ ಕೆಲಸಗಳು ನಡೆಯುತ್ತವೆ.

ಪ್ರಶ್ನೆ (ನ್ಯೂಜೆರ್ಸಿಯ ಸದಸ್ಯೆ):
ಇನ್ನೊಂದು ಸಂಶಯ. ಊರಿನಲ್ಲಿ ತಂದೆಯವರ ಜಮೀನಿದೆ, ಪಹಣಿ ಇನ್ನೂ ಅವರ ಹೆಸರಿನಲ್ಲೇ ಇದೆ. ಹೆಸರೂ ಪೌರತ್ವವೂ ಬದಲಾದ ಮೇಲೆ ನನಗೆ ಪಾಲು ಬರುವುದೇ?

ಉತ್ತರ:
ಪಾಲು ಬರುತ್ತದೆ. ಹೊರದೇಶದ ಪೌರರಾದ ಭಾರತ ಮೂಲದವರು ಕೃಷಿ ಜಮೀನನ್ನು ಕೊಂಡುಕೊಳ್ಳುವಂತಿಲ್ಲ, ಆದರೆ ಉತ್ತರಾಧಿಕಾರವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಕಷ್ಟ ಬರುವುದು ಹಕ್ಕಿನಲ್ಲಿ ಅಲ್ಲ, ಗುರುತಿನಲ್ಲಿ. ಪೌತಿ ಖಾತೆಗಾಗಿ ಮಾಡಿಸುವ ವಂಶವೃಕ್ಷದಲ್ಲಿ ನಿಮ್ಮ ಹಳೆಯ ಹೆಸರು ಇನಿಷಿಯಲ್ ಸಮೇತ ಇರುತ್ತದೆ, ಕೈಯಲ್ಲಿರುವ ಪಾಸ್‌ಪೋರ್ಟಿನಲ್ಲಿ ಬೇರೆ ರೂಪ ಇರುತ್ತದೆ. ಎರಡೂ ಹೆಸರುಗಳು ಒಬ್ಬರದೇ ಎಂದು ನೀವೇ ಪ್ರಮಾಣ ಮಾಡಿ ಬರೆದುಕೊಡುವ ಅಫಿಡವಿಟ್ಟನ್ನು ಇಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ, ಇಲ್ಲವೇ ನೋಟರಿ ಮಾಡಿಸಿ ನಿಮ್ಮ ರಾಜ್ಯದಿಂದ ಅಪೊಸ್ಟಿಲ್ ಮುದ್ರೆ (ದಾಖಲೆಯನ್ನು ಹೊರದೇಶದಲ್ಲಿ ಒಪ್ಪುವಂತೆ ಮಾಡುವ ದೃಢೀಕರಣ) ಹಾಕಿಸಿ ಊರಿಗೆ ಕಳುಹಿಸಬೇಕಾಗುತ್ತದೆ. ತಂದೆಯ ಹೆಸರನ್ನೇ ಅಡ್ಡಹೆಸರಾಗಿ ಇಟ್ಟುಕೊಳ್ಳಿ ಎಂದು ನಾನು ಮೊದಲೇ ಹೇಳಿದ್ದು ಇದಕ್ಕಾಗಿಯೇ.

1955ರ ಭಾರತ ಪೌರತ್ವ ಕಾಯ್ದೆಯ 9ನೆಯ ಸೆಕ್ಷನ್ ಪ್ರಕಾರ, ಸ್ವಇಚ್ಛೆಯಿಂದ ಇನ್ನೊಂದು ದೇಶದ ಪೌರತ್ವ ಪಡೆದ ಕೂಡಲೇ ಭಾರತದ ಪೌರತ್ವ ಹೋಗುತ್ತದೆ. ಆದ್ದರಿಂದ ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಿ ಸರೆಂಡರ್ ಪ್ರಮಾಣಪತ್ರ ಪಡೆಯಲೇಬೇಕು. ಒಪ್ಪಿಸುವ ಮುನ್ನ ಅದರ ಎಲ್ಲಾ ಪುಟಗಳ ನಕಲು ತೆಗೆದಿಡಿ. ಬಳಿಕ ಹೊರದೇಶದ ಪೌರರಾದ ಭಾರತ ಮೂಲದವರಿಗೆ ಭಾರತ ಸರ್ಕಾರ ಕೊಡುವ ಒಸಿಐ ಕಾರ್ಡಿನ ಅರ್ಜಿಯನ್ನು ಅಮೆರಿಕನ್ ಪಾಸ್‌ಪೋರ್ಟಿನಲ್ಲಿರುವ ಹೆಸರಿನಲ್ಲೇ ತುಂಬಿ, ಹಳೆಯ ಹೆಸರು ಹೊಸದಾದದ್ದಕ್ಕೆ ಪುರಾವೆಯಾಗಿ ನ್ಯಾಯಾಲಯದ ಪತ್ರವನ್ನು ಲಗತ್ತಿಸಿ. ಊರಿನ ಬ್ಯಾಂಕಿಗೆ ಪೌರತ್ವ ಬದಲಾದದ್ದನ್ನು ತಿಳಿಸಿ, ಪ್ಯಾನ್‌ನಲ್ಲಿ ಹೆಸರು ತಿದ್ದುಪಡಿಗೂ ಅರ್ಜಿ ಹಾಕಿ. ಪ್ಯಾನ್ ಸಂಖ್ಯೆ ಬದಲಾಗುವುದಿಲ್ಲ.

ಪ್ರಶ್ನೆ (ಅದೇ ಸದಸ್ಯೆ):
ಪತಿಯೊಡನೆ ಮಾತಾಡಿದೆ. ನಮ್ಮ ತಂದೆಯವರ ಹೆಸರನ್ನೇ ಇಟ್ಟುಕೊಳ್ಳುತ್ತೇನೆ. ಪ್ರಮಾಣವಚನದ ದಿನ ವಿಶೇಷವಾಗಿ ಗಮನಿಸಬೇಕಾದದ್ದು ಏನಾದರೂ ಇದೆಯೇ?

ಉತ್ತರ:
ಸಂತೋಷ. ಅಂದು ಬಾಗಿಲಲ್ಲಿಯೇ ಗ್ರೀನ್ ಕಾರ್ಡನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ, ಆದ್ದರಿಂದ ಹಿಂದಿನ ದಿನವೇ ಅದರ ಎರಡೂ ಬದಿಗಳ ನಕಲು ತೆಗೆದಿಡಿ. ‘ಎಫ್‌ಎನ್‌ಯು’ ಎಂದು ಕರೆಸಿಕೊಂಡವರು ನೀವೇ ಎಂಬುದನ್ನು ತೋರಿಸಬೇಕಾದ ದಿನ ಆ ನಕಲು ಬೇಕಾಗುತ್ತದೆ. ನ್ಯಾಯಾಲಯದ ಸಿಬ್ಬಂದಿಯಿಂದ ಹೆಸರು ಬದಲಾವಣೆಯ ಮನವಿಯ ಮುದ್ರೆ ಬಿದ್ದ ಪ್ರತಿಯನ್ನು ಕೇಳಿ ಪಡೆಯಿರಿ, ಕೇಳದಿದ್ದರೆ ಕೆಲವೊಮ್ಮೆ ಅದು ಕೈಗೆ ಬರುವುದೇ ಇಲ್ಲ. ಪ್ರಮಾಣಪತ್ರ ಕೈಗೆ ಬಂದಾಗ ಫೋಟೋ ತೆಗೆಸಿಕೊಳ್ಳುವ ಸಂಭ್ರಮಕ್ಕೆ ಮೊದಲು ಕುಳಿತಲ್ಲೇ ನಿಮ್ಮ ಹೆಸರನ್ನೂ ತಂದೆಯವರ ಹೆಸರನ್ನೂ ಒಂದೊಂದೇ ಅಕ್ಷರವಾಗಿ, ಹುಟ್ಟಿದ ದಿನಾಂಕವನ್ನು ಒಂದೊಂದೇ ಅಂಕಿಯಾಗಿ ಓದಿ, ತಪ್ಪಿದ್ದರೆ ಅಲ್ಲಿಯೇ ಅಧಿಕಾರಿಗೆ ತೋರಿಸಿ. ತಪ್ಪು ಇಲಾಖೆಯದಾಗಿದ್ದರೆ ಮುಂದೆ ತಿದ್ದಿಸಲೂ ಶುಲ್ಕವಿಲ್ಲ, ಆದರೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಎಲ್ಲವೂ ಸರಿಯಿದ್ದರೆ ಸಹಿಯನ್ನು ಹೊಸ ಹೆಸರಿನಲ್ಲಿಯೇ ಪೂರ್ತಿಯಾಗಿ ಮಾಡಿ, ಇನಿಷಿಯಲ್ ಹಾಕಬೇಡಿ.